ಮೊದಲು ಕೊಂಡವರ ದೂರು ಸುಳ್ಳಾಗಿರಲಿಲ್ಲ

1988ರ ಅಕ್ಟೋಬರ್ 12ರಂದು ಸ್ಯಾನ್ ಫ್ರಾನ್ಸಿಸ್ಕೋದ ಡೇವಿಸ್ ಸಿಂಫನಿ ಹಾಲ್‌ನ ವೇದಿಕೆಯ ಮೇಲೆ ಸ್ಟೀವ್ ಜಾಬ್ಸ್ ಕಪ್ಪು ಪೆಟ್ಟಿಗೆಯೊಂದನ್ನು ತೋರಿಸಿದರು. ಉದ್ದ, ಅಗಲ, ಎತ್ತರ ಎಲ್ಲವೂ ಒಂದೊಂದು ಅಡಿ. ಆಪಲ್ ಬಿಟ್ಟು ಹೊರಬಂದ ಮೂರು ವರ್ಷಕ್ಕೆ, ನೆಕ್ಸ್ಟ್ ಎಂಬ ಹೊಸ ಕಂಪನಿಯಿಂದ ಅವರು ಹೊರತಂದ ವರ್ಕ್‌ಸ್ಟೇಷನ್ ಅದು. ವಿದ್ಯಾರ್ಥಿಗಳ ಕೈಗೆ ಸಿಗದ ದುಬಾರಿ ಪ್ರಯೋಗಗಳನ್ನು ಕಂಪ್ಯೂಟರಿನಲ್ಲೇ ಮಾಡಿಸಬಹುದೇ ಎಂದು ಸ್ಟ್ಯಾನ್‌ಫರ್ಡ್‌ನ ನೊಬೆಲ್ ಪುರಸ್ಕೃತ ವಿಜ್ಞಾನಿ ಪಾಲ್ ಬರ್ಗ್ ಅವರೊಂದಿಗೆ ನಡೆದ ಮಾತುಕತೆಯೇ ಇದಕ್ಕೆ ಬೀಜ. ಹಾಗಾಗಿ ಮೊದಲ ಯಂತ್ರಗಳು ಹೋಗಬೇಕಿದ್ದದ್ದು ವಿಶ್ವವಿದ್ಯಾಲಯಗಳಿಗೆ.

ಹೋದವು. ದೂರುಗಳೂ ಹಿಂದೆಯೇ ಬಂದವು.

ಮೊದಲ ದೂರು ಬೆಲೆಯದ್ದು. ಮೂರು ಸಾವಿರ ಡಾಲರಿನೊಳಗೆ ಸಿಕ್ಕರೆ ಮಾತ್ರ ವಿದ್ಯಾರ್ಥಿಗಳಿಗೆ ಎಟಕುತ್ತದೆ ಎಂದು ವಿಶ್ವವಿದ್ಯಾಲಯಗಳು ಮೊದಲೇ ಹೇಳಿದ್ದವು. ಬಂದ ಯಂತ್ರದ ಬೆಲೆ 6,500 ಡಾಲರ್. ಅದರಲ್ಲಿ ಹಾರ್ಡ್ ಡಿಸ್ಕ್ ಇಲ್ಲ, ಪ್ರಿಂಟರಿಗೆ ಮತ್ತೆ ಎರಡು ಸಾವಿರ. ಪರದೆ ಕಣ್ಣಿಗೆ ಹಿತವಾಗಿತ್ತು, ಆದರೆ ಬಣ್ಣವಿರಲಿಲ್ಲ, ಕಪ್ಪು ಬಿಳುಪೂ ಸೇರಿ ನಾಲ್ಕು ಛಾಯೆಗಳಷ್ಟೇ. ಫ್ಲಾಪಿ ಡ್ರೈವ್ ಇರಲಿಲ್ಲ. ಅದರ ಜಾಗದಲ್ಲಿ ಕ್ಯಾನನ್ ಕಂಪನಿಯ 256 ಮೆಗಾಬೈಟಿನ ಆಪ್ಟಿಕಲ್ ಡಿಸ್ಕ್ ಕೂತಿತ್ತು.

ಈ ಡಿಸ್ಕಿನ ಕಥೆಯನ್ನು ಸ್ವಲ್ಪ ನಿಂತು ನೋಡಬೇಕು. ಅದರ ಹಿಂದಿನ ಯೋಚನೆ ನಿಜಕ್ಕೂ ಚೆಂದದ್ದು: ವಿದ್ಯಾರ್ಥಿಯೊಬ್ಬ ತನ್ನ ಕಡತ, ತಂತ್ರಾಂಶ ಎಲ್ಲವನ್ನೂ ಒಂದೇ ಡಿಸ್ಕಿನಲ್ಲಿಟ್ಟುಕೊಂಡು ಯಾವ ಲ್ಯಾಬಿನಲ್ಲಿ ಯಾವ ಯಂತ್ರದ ಮುಂದೆ ಕೂತರೂ ಅದು ಅವನದೇ ಯಂತ್ರವಾಗಬೇಕು. ಕೆಲಸಕ್ಕೆ ಕೂತಾಗ ಗೊತ್ತಾದದ್ದೇ ಬೇರೆ. ಹಾರ್ಡ್ ಡಿಸ್ಕಿಗೆ ಹೋಲಿಸಿದರೆ ಆ ಡ್ರೈವ್ ತೀರಾ ನಿಧಾನ. ಕಾರ್ಯಾಚರಣಾ ವ್ಯವಸ್ಥೆಯೂ ಅದರಿಂದಲೇ ನಡೆಯಬೇಕಾದ್ದರಿಂದ ಪ್ರತಿ ಹೆಜ್ಜೆಗೂ ಕಾಯಬೇಕು. ಡ್ರೈವ್ ಒಂದೇ ಇದ್ದರೆ, ಗೆಳೆಯನಿಗೆ ಒಂದು ಕಡತ ಕೊಡಲು ಡಿಸ್ಕ್ ತೆಗೆದು, ಹಾಕಿ, ಮತ್ತೆ ತೆಗೆದು ಒದ್ದಾಡಬೇಕು. ಒಂದು ಡಿಸ್ಕಿನ ಬೆಲೆಯೇ ಸುಮಾರು ಐವತ್ತು ಡಾಲರ್. ಯಾರ ಹೆಸರಿನಲ್ಲಿ ಯಂತ್ರ ಹುಟ್ಟಿತೋ ಆ ವಿದ್ಯಾರ್ಥಿಗೇ ಅದು ಭಾರವಾಯಿತು.

ಇಷ್ಟೆಲ್ಲ ಇದ್ದೂ ಅದೇ ಯಂತ್ರವನ್ನು ತಲೆಯ ಮೇಲೆ ಹೊತ್ತು ಮೆರೆಸಿದವರಿದ್ದರು. ಬಹುಪಾಲು ಅವರು ಪ್ರೋಗ್ರಾಂ ಬರೆಯುವವರು. ಜಾನ್ ಮರಿ ಉಲೋ ರೂಪಿಸಿದ ಇಂಟರ್‌ಫೇಸ್ ಬಿಲ್ಡರ್ ಎಂಬ ಸಾಧನದಲ್ಲಿ ಕಿಟಕಿ, ಗುಂಡಿಗಳನ್ನು ಮೌಸಿನಿಂದ ಎಳೆದು ಕೂರಿಸಿದರೆ ಸಾಕಿತ್ತು. ಬೇರೆಡೆ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸ ಇಲ್ಲಿ ಬೇಗ ಮುಗಿಯುತ್ತಿತ್ತು. ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಮೈಕ್ ಸೆಂಡಲ್ ಎಂಬ ಅಧಿಕಾರಿ 1990ರಲ್ಲಿ ತಮ್ಮ ಕೈಕೆಳಗಿನ ಟಿಮ್ ಬರ್ನರ್ಸ್-ಲೀಗೆ ಒಂದು ನೆಕ್ಸ್ಟ್ ಕೊಳ್ಳಲು ಒಪ್ಪಿಗೆ ಕೊಟ್ಟರು. ಆ ವರ್ಷ ಮುಗಿಯುವ ಹೊತ್ತಿಗೆ ಜಗತ್ತಿನ ಮೊದಲ ವೆಬ್ ಬ್ರೌಸರ್ ಅದರ ಮೇಲೆ ಓಡುತ್ತಿತ್ತು. ಮರುವರ್ಷ ಸರ್ನ್‌ಗೆ ಬಂದು ಅದನ್ನು ಕಂಡ ಪಾಲ್ ಕುಂಜ್ ಕೂಡ ನೆಕ್ಸ್ಟ್ ಬಳಸುತ್ತಿದ್ದವರೇ. ಅಮೆರಿಕದ ಮೊದಲ ವೆಬ್ ಸರ್ವರ್ ಅನ್ನು ಸ್ಟ್ಯಾನ್‌ಫರ್ಡ್‌ನ ಸ್ಲ್ಯಾಕ್ ಪ್ರಯೋಗಾಲಯದಲ್ಲಿ ಅವರು ನಡೆಸತೊಡಗಿದರು. ಜಾನ್ ಕಾರ್ಮ್ಯಾಕ್ ಮತ್ತು ಅವರ ತಂಡ 1993ರ 'ಡೂಮ್' ಆಟವನ್ನು ಕಟ್ಟಿದ್ದೂ ನೆಕ್ಸ್ಟ್ ಯಂತ್ರಗಳ ಮೇಲೆಯೇ.

ಈ ಕಥೆಯನ್ನು ಈಗ ಹೇಳುವವರು ಇಲ್ಲೊಂದು ಅನ್ಯಾಯ ಮಾಡುತ್ತಾರೆ. ವೆಬ್ ಹುಟ್ಟಿದ ಯಂತ್ರವಲ್ಲವೇ, ಅಂದು ಗೊಣಗಿದವರಿಗೆ ದೂರದೃಷ್ಟಿ ಇರಲಿಲ್ಲ ಎಂದು ಮಾತು ಮುಗಿಸುತ್ತಾರೆ. ಇದು ಸರಿಯಲ್ಲ. ಬರ್ನರ್ಸ್-ಲೀ ಬರೆದ ಬ್ರೌಸರ್ ನೆಕ್ಸ್ಟ್ ಇದ್ದವರಿಗೆ ಮಾತ್ರ ದಕ್ಕುತ್ತಿತ್ತು, ಅದನ್ನು ಕೊಳ್ಳಬಲ್ಲವರು ಬೆರಳೆಣಿಕೆಯಷ್ಟು. ಆದ್ದರಿಂದಲೇ ನಿಕೋಲಾ ಪೆಲೋ ಎಂಬ ವಿದ್ಯಾರ್ಥಿನಿ ಯಾವ ಸಾಧಾರಣ ಕಂಪ್ಯೂಟರಿನಲ್ಲೂ ಓಡುವ, ಬರೀ ಅಕ್ಷರಗಳ ಸರಳ ಬ್ರೌಸರ್ ಬರೆಯಬೇಕಾಯಿತು. ಬೆಲೆಯ ಬಗ್ಗೆ ದೂರಿದವರ ಮಾತು ವೆಬ್ಬಿನ ಚರಿತ್ರೆಯಲ್ಲೇ ಹೀಗೆ ರುಜುವಾತಾಗಿದೆ.

ಕಂಪನಿಯೂ ಕೊನೆಗೆ ಒಪ್ಪಿತು. 1990ರ ಸೆಪ್ಟೆಂಬರಿನಲ್ಲಿ ಬಂದ ನೆಕ್ಸ್ಟ್‌ಸ್ಟೇಷನ್‌ನಲ್ಲಿ ಹಾರ್ಡ್ ಡಿಸ್ಕ್ ಇತ್ತು, ಫ್ಲಾಪಿ ಇತ್ತು, ಬೆಲೆ 4,995 ಡಾಲರಿಗೆ ಇಳಿದಿತ್ತು. ಬಣ್ಣದ ಮಾದರಿಯನ್ನೂ ಘೋಷಿಸಿದ್ದರು. ಮೊದಲು ಕೊಂಡವರ ದೂರುಗಳ ಪಟ್ಟಿಯೇ ಹೊಸ ಯಂತ್ರದ ನಕ್ಷೆಯಾಗಿತ್ತು ಎಂದರೆ ತಪ್ಪಲ್ಲ. ಆದರೆ ಎರಡು ವರ್ಷ ತಡ. ಸುಮಾರು ಐವತ್ತು ಸಾವಿರ ಯಂತ್ರಗಳನ್ನು ಮಾರಿ, 1993ರಲ್ಲಿ ನೆಕ್ಸ್ಟ್ ಯಂತ್ರ ತಯಾರಿಕೆಯನ್ನೇ ನಿಲ್ಲಿಸಿತು. ಉಳಿದದ್ದು ತಂತ್ರಾಂಶ. 1996ರ ಕೊನೆಯಲ್ಲಿ ಕಂಪನಿಯನ್ನು ಕೊಳ್ಳುವುದಾಗಿ ಆಪಲ್ ಪ್ರಕಟಿಸಿದ್ದು ಅದಕ್ಕಾಗಿ, ಇಂದಿನ ಮ್ಯಾಕ್ ಮತ್ತು ಐಫೋನ್ ನಿಂತಿರುವುದೂ ಅದರ ಮೇಲೆ.

2025ರ ಅಕ್ಟೋಬರಿನಲ್ಲಿ ಎನ್‌ವಿಡಿಯಾದ ಡಿಜಿಎಕ್ಸ್ ಸ್ಪಾರ್ಕ್ ಎಂಬ ಪುಟ್ಟ ಎಐ ವರ್ಕ್‌ಸ್ಟೇಷನ್ ಮಾರಾಟಕ್ಕೆ ಬಂದಾಗ ಇದೇ ಬಗೆಯ ಮಾತುಗಳು ಮತ್ತೆ ಕೇಳಿದವು. ಜನವರಿಯಲ್ಲಿ 3,000 ಡಾಲರ್ ಎಂದದ್ದು ಬರುವಾಗ 3,999 ಆಗಿತ್ತು. 128 ಗಿಗಾಬೈಟ್ ಮೆಮೊರಿ ಇರುವುದರಿಂದ ಮಾಮೂಲಿ ಗ್ರಾಫಿಕ್ಸ್ ಕಾರ್ಡಿನಲ್ಲಿ ಹಿಡಿಸದ ದೊಡ್ಡ ಭಾಷಾ ಮಾದರಿಗಳೂ ಇದರಲ್ಲಿ ಹಿಡಿಸುತ್ತವೆ ಎಂದು ಕೆಲವರು ಹಿಗ್ಗಿದರು; ಆ ಮೆಮೊರಿಯ ವೇಗ ಸೆಕೆಂಡಿಗೆ 273 ಗಿಗಾಬೈಟ್ ಮಾತ್ರ, ಹಾಗಾಗಿ ಉತ್ತರ ನಿಧಾನ ಎಂದು ಕೆಲವರು ಬೇಸರಪಟ್ಟರು. 240 ವಾಟ್ ಎಂದು ನಮೂದಿಸಿರುವ ಯಂತ್ರ 100 ವಾಟ್ ದಾಟುತ್ತಿಲ್ಲ, ಹೇಳಿದಷ್ಟು ಸಾಮರ್ಥ್ಯ ಸಿಗುತ್ತಿಲ್ಲ ಎಂದು ಬಹಿರಂಗವಾಗಿ ಹೇಳಿದವರಲ್ಲಿ ಒಬ್ಬರು ಅದೇ ಕಾರ್ಮ್ಯಾಕ್.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕನ್ನಡದ ಮಾದರಿಯೊಂದನ್ನು ತರಬೇತುಗೊಳಿಸಲು ಇಂಥ ಯಂತ್ರ ಕೊಳ್ಳುವ ಕಾಲೇಜು ಈ ಎರಡೂ ಬಗೆಯ ಮಾತುಗಳನ್ನು ಬೇರೆ ಬೇರೆಯಾಗಿ ಕೇಳಿಸಿಕೊಳ್ಳಬೇಕು. ವೇಗ, ವಿದ್ಯುತ್, ಬೆಲೆಯ ದೂರುಗಳನ್ನು ಟೆಂಡರಿಗೆ ಮುನ್ನ ಮಾರುವವರ ಮುಂದಿಟ್ಟು ಬರಹದಲ್ಲಿ ಉತ್ತರ ಪಡೆಯಬೇಕು. ಯಂತ್ರದಿಂದ ಏನಾಗುತ್ತದೆ ಎಂಬುದನ್ನು ತಿಳಿಯಲು ಮೊದಲು ಒಂದನ್ನೇ ತರಿಸಿ, ಒಂದು ಸೆಮಿಸ್ಟರ್ ವಿದ್ಯಾರ್ಥಿಗಳ ಕೈಗೆ ಕೊಡಬೇಕು. ಹತ್ತು ಯಂತ್ರಗಳ ಆರ್ಡರ್ ಅಲ್ಲಿಯವರೆಗೆ ಕಾದರೆ ನಷ್ಟವೇನಿಲ್ಲ.