ಹಳೆಯ ಮೋಟಾರು ಗಾಡಿಯೂ ಹೊಗೆಯ ಸಾಕ್ಷಿಯೂ

ಹೊಸ ಮೋಟಾರು ಗಾಡಿಯನ್ನು ಕೊಳ್ಳುವ ಅನುಕೂಲವು ಎಲ್ಲರಿಗೂ ಇರುವುದಿಲ್ಲ. ಹದಿನೈದು ವರ್ಷಗಳಿಂದ ಒಂದೇ ಗಾಡಿಯನ್ನು ಜೋಪಾನಮಾಡಿಕೊಂಡು ಬಂದಿರುವ ಉಪಾಧ್ಯಾಯರೂ ಗುಮಾಸ್ತರೂ ನಿವೃತ್ತ ಅಧಿಕಾರಿಗಳೂ ನಮ್ಮ ಪಟ್ಟಣಗಳಲ್ಲಿ ಬಹುಮಂದಿ ಇದ್ದಾರೆ. 2014ರಲ್ಲಿ ತಯಾರಿಕೆಯು ನಿಂತುಹೋದ ಮಾರುತಿ 800 ಗಾಡಿಯು ಇಂದಿಗೂ ನಮ್ಮ ಬೀದಿಗಳಲ್ಲಿ ಸಂಚರಿಸುತ್ತಿರುವುದೇ ಇದಕ್ಕೆ ನಿದರ್ಶನ. ಈ ಮಿತವ್ಯಯವು ಶ್ಲಾಘ್ಯವೇ ಸರಿ. ಆದರೆ ಹಳೆಯ ಗಾಡಿಯನ್ನು ಇಟ್ಟುಕೊಳ್ಳುವ ಹಕ್ಕಿನೊಡನೆ, ಅದರ ಹೊಗೆಯಿಂದ ನೆರೆಹೊರೆಯವರಿಗೆ ಬಾಧೆಯಾಗದಂತೆ ನೋಡಿಕೊಳ್ಳತಕ್ಕ ಹೊಣೆಯೂ ಸೇರಿಕೊಂಡಿದೆ. ಈ ಹೊಣೆಯ ಬಹುಭಾಗವು ಹೆಬ್ಬೆರಳಿನಷ್ಟು ಗಾತ್ರದ ಒಂದು ಉಪಕರಣವನ್ನು ಅವಲಂಬಿಸಿದೆಯೆಂಬುದನ್ನು ನಮ್ಮ ವಾಚಕರಲ್ಲಿ ಅನೇಕರು ಅರಿತಿರಲಾರರು. ಆಕ್ಸಿಜನ್ ಸೆನ್ಸರ್ ಎಂಬುದೇ ಆ ಉಪಕರಣ.

ಜರ್ಮನಿಯ ಬಾಷ್ ಸಂಸ್ಥೆಯವರು ನಿರ್ಮಿಸಿದ ಈ ಉಪಕರಣವು 1976ರಲ್ಲಿ ವೋಲ್ವೋ ಗಾಡಿಗಳ ಮೂಲಕ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮೊದಲು ಬಳಕೆಗೆ ಬಂದಿತು. ನಮ್ಮ ದೇಶದಲ್ಲಿ 1995ರಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲು ಗಾಡಿಗಳಿಗೆ ಕ್ಯಾಟಲಿಟಿಕ್ ಕನ್ವರ್ಟರು ಕಡ್ಡಾಯವಾಯಿತು. 2000ದ ಫೆಬ್ರವರಿಯಿಂದ ಸೀಸವಿಲ್ಲದ ಪೆಟ್ರೋಲು ದೇಶವ್ಯಾಪಿಯಾಯಿತು. ಕನ್ವರ್ಟರು ಹೊಗೆಯಲ್ಲಿಯ ಮೂರು ಬಗೆಯ ವಿಷಗಳನ್ನು ಏಕಕಾಲದಲ್ಲಿ ಪರಿಹರಿಸಬಲ್ಲದು. ಆದರೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿಯು ಕೂಡಿದಾಗ ಮಾತ್ರ ಅದಕ್ಕೆ ಆ ಶಕ್ತಿಯುಂಟು. ಈ ಪ್ರಮಾಣವನ್ನು ಕಾಯುವ ಕಾವಲುಗಾರನೇ ಸೆನ್ಸರು. ಜಿರ್ಕೋನಿಯವೆಂಬ ಪಿಂಗಾಣಿಯ ಬೆರಳೊಂದಕ್ಕೆ ಪ್ಲಾಟಿನಮ್ಮಿನ ಲೇಪ. ಅದರ ಹೊರಮೈಗೆ ಹೊಗೆ, ಒಳಮೈಗೆ ಶುದ್ಧ ವಾಯು. ಹೊಗೆಯಲ್ಲಿ ಆಮ್ಲಜನಕವು ಕಡಮೆಯಾದರೆ ಸುಮಾರು 0.9 ವೋಲ್ಟ್, ಹೆಚ್ಚಾದರೆ ಸುಮಾರು 0.1 ವೋಲ್ಟ್ ವಿದ್ಯುತ್ತು ಅದರಲ್ಲಿ ಹುಟ್ಟುತ್ತದೆ. ಇದನ್ನು ನೋಡಿಕೊಂಡು ಗಾಡಿಯ ಕಂಪ್ಯೂಟರು ಪೆಟ್ರೋಲನ್ನು ಎಡೆಬಿಡದೆ ಏರಿಸಿ ಇಳಿಸುತ್ತಿರುತ್ತದೆ.

ವರ್ಷಗಳು ಕಳೆದಂತೆ ಈ ಕಾವಲುಗಾರನಿಗೂ ಮುಪ್ಪು ತಪ್ಪದು. ಎಂಜಿನ್ನಿನಲ್ಲಿ ಉರಿದ ಎಣ್ಣೆಯ ಬೂದಿ, ಸೋರಿದ ಕೂಲಂಟು, ಜೋಡಣೆಗೆ ಬಳಸುವ ಸಿಲಿಕೋನ್ ಅಂಟು ಇವೆಲ್ಲವೂ ಅದಕ್ಕೆ ವಿಷಪ್ರಾಯ. ಜಡವಾದ ಸೆನ್ಸರು ಸುಳ್ಳು ಹೇಳಿದರೆ ಪೆಟ್ರೋಲು ಅತಿಯಾಗಿ ಸುರಿಯುತ್ತದೆ, ಖರ್ಚು ಏರುತ್ತದೆ, ಉರಿಯದೆ ಉಳಿದ ಪೆಟ್ರೋಲು ಕನ್ವರ್ಟರಿನೊಳಗೆ ಉರಿದು, ಸೆನ್ಸರಿಗಿಂತ ಎಷ್ಟೋ ಪಾಲು ಬೆಲೆಬಾಳುವ ಆ ಭಾಗವನ್ನೇ ಕರಗಿಸಿಬಿಡಬಹುದು. ಇದು ಮಾಲೀಕನ ನಷ್ಟ. ಸಾರ್ವಜನಿಕರ ನಷ್ಟವು ಇದಕ್ಕಿಂತ ಘೋರವಾದುದು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಚೌಕದಲ್ಲಿ ದಿನವಿಡೀ ನಿಂತಿರುವ ಪೊಲೀಸಿನವನೂ ರಸ್ತೆಯಂಚಿನಲ್ಲಿ ಶಾಲೆಗೆ ನಡೆಯುವ ಬಾಲಕನೂ ಅದನ್ನು ಅರಿಯದೆಯೇ ಸೇವಿಸುತ್ತಾರೆ. ಆದುದರಿಂದ ಕೆಟ್ಟ ಸೆನ್ಸರನ್ನು ತಡಮಾಡದೆ ಬದಲಿಸತಕ್ಕದ್ದೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಅದು ನಿಜವಾಗಿಯೂ ಕೆಟ್ಟಿದೆಯೇ ಎಂಬ ವಿಚಾರಣೆಯು ಮೊದಲು ನಡೆಯಬೇಕು. ಎಚ್ಚರಿಕೆಯ ದೀಪವು ಹೊತ್ತಿದೊಡನೆಯೇ ಸೆನ್ಸರನ್ನು ಕಿತ್ತು ಹೊಸದನ್ನು ತೊಡಿಸುವ ಪದ್ಧತಿಯು ಅನೇಕ ಕಾರ್ಖಾನೆಗಳಲ್ಲಿ ರೂಢಿಯಾಗಿದೆ. ಪಿ0171 ಎಂಬ ಸಂಕೇತವು ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆಯೆಂದು ಹೇಳುತ್ತದೆಯೇ ಹೊರತು ಸೆನ್ಸರು ಸತ್ತಿದೆಯೆಂದು ಹೇಳುವುದಿಲ್ಲ. ಒಡೆದ ರಬ್ಬರು ಕೊಳವೆಯಿಂದ ಗಾಳಿ ನುಗ್ಗುತ್ತಿರಬಹುದು, ಹೊಗೆಕೊಳವೆಯಲ್ಲಿ ಬಿರುಕಿರಬಹುದು. ಪಿ0135 ಎಂಬುದು ಸೆನ್ಸರನ್ನು ಕಾಯಿಸುವ ತಂತಿಯ ದೋಷವನ್ನು ಸೂಚಿಸುತ್ತದೆ. ಒಂದು ಫ್ಯೂಸು ಸುಟ್ಟುಹೋದರೂ ಅದು ತೋರಬಹುದು. ಇದನ್ನೆಲ್ಲ ನೋಡದೆ ಸೆನ್ಸರನ್ನು ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಎಂಜಿನ್ನು ಕಾದ ಮೇಲೆ ಮುಂದಿನ ಸೆನ್ಸರಿನ ವಿದ್ಯುತ್ತು ಮೇಲಕ್ಕೂ ಕೆಳಕ್ಕೂ ಚುರುಕಾಗಿ ಓಲಾಡುತ್ತಿರಬೇಕು. ಮಿಶ್ರಣವನ್ನು ಬದಲಿಸಿದರೂ ಅದು ಒಂದೇ ಕಡೆ ನಿಂತಿದ್ದರೆ ಆಗ ಮಾತ್ರ ಅಪರಾಧವನ್ನು ಅದರ ಮೇಲೆ ಹೊರಿಸಬಹುದು.

ಬದಲಿಸುವ ಕೆಲಸವು ಕಠಿಣವಲ್ಲ, ತಾಳ್ಮೆಯನ್ನು ಬೇಡುತ್ತದೆ. ವರ್ಷಗಟ್ಟಲೆ ಕಾದು ತುಕ್ಕು ಹಿಡಿದ ತಿರುಪನ್ನು ಬಲಾತ್ಕಾರದಿಂದ ತಿರುಗಿಸಿದರೆ ಕೊಳವೆಯ ಎಳೆಗಳೇ ಕಿತ್ತುಬರುತ್ತವೆ. ಇಳಿಯುವ ಎಣ್ಣೆಯನ್ನು ಹಾಕಿ ಕಾದು, ತಂತಿಗೆ ಸೀಳುಬಿಟ್ಟ ಸಾಕೆಟ್ಟಿನಿಂದ ಬಿಚ್ಚಬೇಕು. ತಿರುಪಿಗೆ ಹಚ್ಚುವ ಲೇಪವು ತುದಿಗೆ ಸೋಕಕೂಡದು. ಆ ಗಾಡಿಗೆಂದೇ ತಯಾರಾದ ಸೆನ್ಸರನ್ನೇ ಕೊಳ್ಳಬೇಕು. ಅನೇಕ ಸೆನ್ಸರುಗಳು ಶುದ್ಧ ವಾಯುವನ್ನು ತಂತಿಯ ಮೂಲಕವೇ ಎಳೆದುಕೊಳ್ಳುವುದರಿಂದ, ಅಗ್ಗದ್ದನ್ನು ತಂದು ತಂತಿ ಕತ್ತರಿಸಿ ಬೆಸುಗೆ ಹಾಕುವುದು ಅದರ ಉಸಿರು ಕಟ್ಟಿಸಿದಂತೆ.

ಇನ್ನು ಕೆಲವರ ಉಪಾಯವು ಇದಕ್ಕಿಂತಲೂ ನಿಂದ್ಯವಾದುದು. ದೀಪದ ತಂತಿಯನ್ನೇ ಕತ್ತರಿಸುವವರೂ, ಕಂಪ್ಯೂಟರನ್ನು ವಂಚಿಸಲು ಸುಳ್ಳು ಸಂಕೇತವನ್ನು ಕೊಡುವ ಸಾಧನವನ್ನು ತೊಡಿಸುವವರೂ ಇದ್ದಾರೆ. ದೂತನು ಅವಧ್ಯನೆಂದು ವಿಭೀಷಣನು ರಾವಣನಿಗೆ ಹೇಳಿದ ನೀತಿಯನ್ನು ನಮ್ಮಲ್ಲಿ ಎಳೆಯರೂ ಬಲ್ಲರು. ಅಪ್ರಿಯವಾದ ವಾರ್ತೆಯನ್ನು ತಂದನೆಂದು ದೂತನ ಬಾಯಿಯನ್ನು ಕಟ್ಟಿದ ಮಾತ್ರಕ್ಕೆ ವಾರ್ತೆಯು ಸುಳ್ಳಾಗುವುದಿಲ್ಲ.

ಅಧಿಕಾರಿಗಳಿಗೂ ನಾವು ಒಂದು ಮಾತನ್ನು ಹೇಳಬೇಕಾಗಿದೆ. ಹೊಗೆ ತಪಾಸಣೆಯ ಪ್ರಮಾಣಪತ್ರವಿಲ್ಲದವರಿಗೆ 2019ರ ತಿದ್ದುಪಡಿಯು ಹತ್ತು ಸಾವಿರ ರೂಪಾಯಿಗಳವರೆಗೆ ದಂಡವನ್ನು ವಿಧಿಸಿತು. 2022ರ ಏಪ್ರಿಲಿನಿಂದ ಹದಿನೈದು ವರ್ಷ ದಾಟಿದ ಕಾರುಗಳ ನೋಂದಣಿಯನ್ನು ನವೀಕರಿಸುವ ಶುಲ್ಕವು 600 ರೂಪಾಯಿಗಳಿಂದ 5,000 ರೂಪಾಯಿಗಳಿಗೆ ಏರಿತು. ದಂಡವೂ ಶುಲ್ಕವೂ ಇರಲಿ. ಆದರೆ ಕೊಳವೆಯೊಳಗೆ ಶೋಧಕವನ್ನು ಇಡದೆಯೇ ಪ್ರಮಾಣಪತ್ರವನ್ನು ಕೊಡುವ ಕೇಂದ್ರಗಳಿವೆಯೆಂಬ ದೂರು ನಿಂತಿಲ್ಲವಷ್ಟೆ? ಹಣಕ್ಕೆ ದೊರೆಯುವ ಕಾಗದದಿಂದ ಗಾಳಿಯು ಶುದ್ಧವಾಗಲಾರದು. ಗಾಡಿಯ ವಯಸ್ಸಿಗೆ ತೆರಿಗೆ ಹಾಕುವುದು ಸುಲಭ. ಅದರ ಹೊಗೆಯನ್ನು ಅಳೆಯುವುದು ಶ್ರಮದ ಕೆಲಸ. ಚೆನ್ನಾಗಿ ನೋಡಿಕೊಂಡ ಹಳೆಯ ಗಾಡಿಯು ಅಲಕ್ಷ್ಯಕ್ಕೆ ಒಳಗಾದ ಎಳೆಯ ಗಾಡಿಗಿಂತ ಕಡಮೆ ವಿಷವನ್ನು ಉಗುಳಬಹುದೆಂಬುದನ್ನು ಸರಕಾರವು ಮರೆಯಬಾರದು. ತಪಾಸಣೆಯು ನಿಷ್ಠೆಯಿಂದ ನಡೆಯಲಿ. ಅಳತೆಯ ಅಂಕಿಗಳ ಅರ್ಥವನ್ನು ಮಾಲೀಕನಿಗೆ ತಿಳಿಸಲಿ. ಕೆಟ್ಟ ಭಾಗವನ್ನು ಸರಿಪಡಿಸಲು ಅವನಿಗೆ ನ್ಯಾಯವಾದ ಅವಕಾಶ ದೊರೆಯಲಿ.

ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ದೀಪವು ಹೊತ್ತಿದರೆ ಅಲಕ್ಷ್ಯಮಾಡಬೇಡಿರಿ, ಅವಸರವನ್ನೂ ಪಡಬೇಡಿರಿ. ಪರೀಕ್ಷೆ ಮಾಡಿಸಿರಿ, ದೋಷವು ಸೆನ್ಸರಿನದೇ ಆದರೆ ಬದಲಿಸಿರಿ. ನಾವು ಬಿಟ್ಟ ಹೊಗೆಯನ್ನು ನಮ್ಮ ಊರಿನ ಮಕ್ಕಳೇ ಉಸಿರಾಡಬೇಕು.