ಸದಾರಮೆಯ ಅರ್ಧ ಹಾಡು

ನಾಟಕದ ಹಾಡುಗಳು ಗೃಹಸ್ಥರ ಮನೆಯೊಳಗೆ ಬರತಕ್ಕವಲ್ಲವೆಂದೂ, ಅದರಲ್ಲಿಯೂ ಪ್ರೇಮದ ಹಾಡು ಹೆಣ್ಣುಮಕ್ಕಳ ಕಿವಿಗೆ ಬೀಳಬಾರದೆಂದೂ ಹೇಳುವ ಹಿರಿಯರು ಹಿಂದೆ ಮನೆಗೊಬ್ಬರಾದರೂ ಇದ್ದರು. ಈಗಲೂ ಇಲ್ಲದಿಲ್ಲ. ಅವರೊಡನೆ ವಾದಕ್ಕೆ ನಿಲ್ಲುವ ಇಚ್ಛೆ ನಮಗಿಲ್ಲ. ಚಳ್ಳಕೆರೆ ಸೀಮೆಯ ದೊಡ್ಡಉಳ್ಳಾರ್ತಿಯಲ್ಲಿ ನಾವು ಕೇಳಿದ ಹಾಡೊಂದರ ಸಂಗತಿಯನ್ನು ಮಾತ್ರ ವಾಚಕರ ಮುಂದಿಡುತ್ತೇವೆ.

ಕಾರಹುಣ್ಣಿಮೆಯ ಮರುದಿನ. ನಾವು ಇಳಿದುಕೊಂಡಿದ್ದ ಮನೆಯ ಅಜ್ಜಿಯವರು ಪಡಸಾಲೆಯಲ್ಲಿ ಕುಳಿತು ಬಿತ್ತನೆಯ ಶೇಂಗಾ ಸುಲಿಯುತ್ತಿದ್ದರು. ಮಳೆಯ ಸುಳಿವಿರಲಿಲ್ಲ, ಕರ್ನಾಟಕದಲ್ಲಿಯೇ ಅತಿ ಕಡಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಆದರೂ ಬೀಜ ಸಿದ್ಧವಾಗುತ್ತಿತ್ತು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿರಲು, ಅಜ್ಜಿಯವರು ಏನನ್ನೋ ಗುನುಗುತ್ತಿದ್ದರು. ಧಾಟಿ ಕಂಪನಿ ನಾಟಕದ್ದು. ವಿಚಾರಿಸಲಾಗಿ, “ಸದಾರಮೆ ನಾಟಕದ್ದು ಕಣಪ್ಪ” ಎಂದರು.

ಬೆಳ್ಳಾವೆ ನರಹರಿಶಾಸ್ತ್ರಿಗಳ ‘ಸದಾರಮೆ’ಯನ್ನು ಗುಬ್ಬಿ ವೀರಣ್ಣನವರ ಕಂಪನಿಯು ಊರೂರಿಗೆ ಕೊಂಡೊಯ್ದುದು ಹಳಬರಿಗೆ ವಿದಿತವೇ ಇದೆ. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತೀ ಸುಲೋಚನಾ’ ತೆರೆಗೆ ಬಂದುದು 1934ರಲ್ಲಿ. ಅದರ ಮರುವರ್ಷವೇ ಸದಾರಮೆಯೂ ಚಿತ್ರವಾಯಿತು. 1956ರಲ್ಲಿ ಇನ್ನೊಮ್ಮೆ ಆಯಿತು. ವೀರಣ್ಣನವರ ಕಳ್ಳನ ಪಾತ್ರವನ್ನು ನೋಡಲೆಂದೇ ಜನ ಮುಗಿಬೀಳುತ್ತಿದ್ದರಂತೆ. ಕಳ್ಳನ ಹಾಸ್ಯ ದೊಡ್ಡದೇ ಸರಿ. ಆದರೆ ನಮ್ಮ ಮಟ್ಟಿಗೆ ಆ ಕಥೆಯ ಜೀವವಿರುವುದು, ಒಲಿದವನಿಂದ ಅಗಲಿಯೂ ಮತ್ತೆ ಕೂಡುವೆನೆಂಬ ನಂಬಿಕೆಯನ್ನು ಬಿಡದ ಹೆಣ್ಣಿನಲ್ಲಿ.

ಇಂಥ ಹಾಡಿಗೆ ರಂಗದ ಮೇಲೆ ಒಂದು ಆಯುಷ್ಯ, ಪರದೆಯ ಮೇಲೆ ಇನ್ನೊಂದು. ರಂಗದಲ್ಲಿ ಸಭಿಕರು ‘ಒನ್ಸ್ ಮೋರ್’ ಎಂದು ಕೂಗಿದರೆ ನಾಯಿಕೆ ಮತ್ತೆ ಹಾಡಬೇಕು. ಅವಳ ವಿರಹವೂ ಅಷ್ಟು ಹೊತ್ತು ಬೆಳೆಯುವುದು. ಪರದೆಯ ನಾಯಿಕೆ ಯಾರು ಎಷ್ಟೇ ಕೂಗಿಕೊಂಡರೂ ಒಂದೇ ಸಲ ಹಾಡಿ ಮುಂದಕ್ಕೆ ಹೋಗಿಬಿಡುವಳು. ಮೂರನೆಯ ಆಯುಷ್ಯವೊಂದುಂಟು: ಹಾರ್ಮೋನಿಯಂ ಮೇಷ್ಟರೊಬ್ಬರು ಹಳ್ಳಿಗೆ ಬಂದು, ಸುಗ್ಗಿ ಮುಗಿದ ಮೇಲೆ ಊರ ಹುಡುಗರಿಗೆ ತಿಂಗಳುಗಟ್ಟಲೆ ತಾಲೀಮು ಮಾಡಿಸುವಾಗ ಹಾಡು ಪಡೆಯುವ ಆಯುಷ್ಯ. ಮೇಷ್ಟರು ತಮಗೆ ತೋರಿದ ಹಾಡುಗಳನ್ನು ನಡುನಡುವೆ ಸೇರಿಸುವುದೂ ಉಂಟು. ಅಜ್ಜಿಯವರಿಗೆ ದೊರೆತುದು ಇದೇ.

ಅವರು ಆ ನಾಟಕವನ್ನು ನೋಡಿದವರಲ್ಲ. ಹೊಸದಾಗಿ ಬಂದ ಸೊಸೆಯನ್ನು ಅತ್ತೆಯವರು ಕಳುಹಿಸಲಿಲ್ಲ. ಆದರೆ ಸದಾರಮೆಯ ವೇಷದ ಹುಡುಗನು ಪಕ್ಕದ ಮನೆಯ ಜಗುಲಿಯಲ್ಲಿಯೇ ರಾತ್ರಿ ರಾತ್ರಿ ಹಾಡು ಒಪ್ಪಿಸುತ್ತಿದ್ದನು. “ಒಳಗೆ ಮುದ್ದೆ ತಿರುವ್ತಾ ಕೇಳ್ಕೊಂಡೆ. ಗೋಡೆಗೆ ಬಾಗಿಲು ಹಾಕೋಕಾಗುತ್ತ?” ಎಂದು ನಕ್ಕರು. ಆ ವರ್ಷ ಬರ. ಅವರ ಯಜಮಾನರು ತುಂಗಭದ್ರೆಯ ಕಾಲುವೆ ಕೆಲಸಕ್ಕೆ ಹೋಗಿದ್ದರು. ಕಾಗದ ಬರೆಯೋಣವೆಂದರೆ ಇಬ್ಬರಿಗೂ ಅಕ್ಷರ ಬಾರದು. ಬೇರೆಯವರ ಕೈಯಲ್ಲಿ ಬರೆಸುವ ಮಾತಲ್ಲ. ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಹೇಳುವ ಸಲಿಗೆ ಆ ಮನೆಯಲ್ಲಿ ಯಾರೊಡನೆಯೂ ಇರಲಿಲ್ಲ. ಹಾಡಿಕೊಂಡರೆ ಮಾತ್ರ ಯಾರೂ ಕೇಳುವಂತಿಲ್ಲ. ಅದು ಸದಾರಮೆಯ ಮಾತು. ಎರಡು ಬೇಸಿಗೆ ಹೀಗೆಯೇ ಕಳೆದುವು. ಒಂದು ಸಂಜೆ ಯಜಮಾನರು ಹೆಗಲಿನ ಮೇಲೊಂದು ಕಂಬಳಿಯೊಡನೆ ಬಂದು ಜಗುಲಿಯಲ್ಲಿ ಕುಳಿತರಂತೆ. ಅಜ್ಜಿಯವರು ನೀರು ಕೊಟ್ಟು ಒಳಕ್ಕೆ ಹೋದರಂತೆ. ಅಷ್ಟೇ ಮಾತುಕತೆ.

ಹಾಡನ್ನು ಪೂರ್ತಿ ಹೇಳಬೇಕೆಂದು ನಾವು ಬೇಡಿದೆವು. ಅರ್ಧಕ್ಕೆ ನಿಲ್ಲಿಸಿದರು. ಅದು ಇಬ್ಬರು ಹಾಡತಕ್ಕ ಹಾಡು. ರಾಜಕುಮಾರನ ಪಾತ್ರದವನು ಊರಿನ ಆಚೆಯ ಕೇರಿಯಲ್ಲಿ ತಾಲೀಮು ಮಾಡುತ್ತಿದ್ದುದರಿಂದ, ಅವನ ಮರುಮಾತು ಈ ಗೋಡೆಯವರೆಗೆ ಬರಲೇ ಇಲ್ಲ.

“ಹಾಗಾದರೆ ಅವನೇನು ಹೇಳುತ್ತಾನೆಂದು ನಿಮಗೆ ತಿಳಿಯದೆ?” ಎಂದೆವು.

ಅಜ್ಜಿಯವರು ಮೊರದಲ್ಲಿದ್ದ ಸಿಪ್ಪೆಯನ್ನು ಊದಿ ಹಾರಿಸಿದರು. “ಬರ್ತೀನಿ ಅಂತಲೇ ಅಂದಿರ್ತಾನೆ. ಇನ್ನೇನು ಅಂತಾನೆ?” ಎಂದು, ಬೀಜವನ್ನು ಚೀಲಕ್ಕೆ ಸುರಿದರು.