ಬಿಲ್ಲಿನಲ್ಲಿ ಕಾಣದ ಅರ್ಧ ಗಂಟೆ

ಕಾರಿನ ರೇಡಿಯೇಟರ್ ಬದಲಾಯಿಸುವುದು ಅನುಭವಿ ಮೆಕ್ಯಾನಿಕ್ಕಿಗೆ ದೊಡ್ಡ ಕೆಲಸವೇನಲ್ಲ. ಹಳೆಯ ಕೂಲೆಂಟ್ ಇಳಿಸಿ, ಮೇಲಿನ ಮತ್ತು ಕೆಳಗಿನ ಹೋಸ್ ಪೈಪು ಕಳಚಿ, ಫ್ಯಾನ್ ಬಿಚ್ಚಿ, ಹಳೆಯದನ್ನು ಎತ್ತಿ ಹೊಸದನ್ನು ಕೂರಿಸಿದರೆ ಕಣ್ಣಿಗೆ ಕಾಣುವ ಕೆಲಸ ಮುಗಿಯಿತು. ಬಿಲ್ಲಿನಲ್ಲಿ ಮೂರು ಸಾಲು: ರೇಡಿಯೇಟರ್, ಕೂಲೆಂಟ್, ಲೇಬರ್. ಆದರೆ ಇನ್ನೊಂದು ಕೆಲಸ ಉಳಿದಿರುತ್ತದೆ. ಒಳಗೆ ಸೇರಿಕೊಂಡ ಗಾಳಿಯನ್ನು ಹೊರಹಾಕಬೇಕು. ಗ್ಯಾರೇಜಿನ ಮಾತಿನಲ್ಲಿ ಹೇಳುವುದಾದರೆ, ಏರ್ ತೆಗೆಯಬೇಕು. ಇದಕ್ಕೆ ಬಿಲ್ಲಿನಲ್ಲಿ ಸಾಲಿಲ್ಲ. ಸಾಲಿಲ್ಲದ ಕೆಲಸಕ್ಕೆ ಸಮಯವೂ ಸಿಗುವುದಿಲ್ಲ.

ಗಾಳಿ ಉಳಿದರೆ ಏನಾಗುತ್ತದೆ? ಖಾಲಿಯಾದ ರೇಡಿಯೇಟರಿಗೆ ಕೂಲೆಂಟ್ ಸುರಿಯುವಾಗ ಎಂಜಿನ್ ತಣ್ಣಗಿರುತ್ತದೆ, ಥರ್ಮೋಸ್ಟಾಟ್ ಮುಚ್ಚಿರುತ್ತದೆ. ಸಿಲಿಂಡರ್ ಹೆಡ್ಡಿನ ಮೇಲ್ಭಾಗದಲ್ಲಿ, ಹೀಟರಿನ ಕೊಳವೆಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಶಾಖವನ್ನು ಹೊತ್ತೊಯ್ಯುವುದರಲ್ಲಿ ಗಾಳಿ ದ್ರವದ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ಗಾಳಿ ನಿಂತ ಜಾಗದಲ್ಲಿ ಲೋಹ ಮಿತಿಮೀರಿ ಕಾಯುತ್ತದೆ. ಸೆನ್ಸರ್ ಇರುವ ಜಾಗದಲ್ಲೇ ಗಾಳಿ ಕೂತರಂತೂ ಡ್ಯಾಶ್‌ಬೋರ್ಡಿನ ಮುಳ್ಳು ನಿಜ ಹೇಳದೆ ಹೋಗಬಹುದು. ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಹೋಯಿತೆಂದರೆ, ಹೊಸ ರೇಡಿಯೇಟರಿಗೆ ಕೊಟ್ಟ ದುಡ್ಡು ಚಿಲ್ಲರೆಯಂತೆ ಕಾಣುತ್ತದೆ.

ಏರ್ ತೆಗೆಯುವುದಕ್ಕೆ ಬೇಕಾದದ್ದು ತಾಳ್ಮೆ. ಸಾಮಾನ್ಯ ಕ್ರಮ ಇಷ್ಟೇ: ತಣ್ಣಗಿರುವ ಎಂಜಿನ್ನಿಗೆ ನಿಧಾನವಾಗಿ ಕೂಲೆಂಟ್ ತುಂಬಬೇಕು. ಬ್ಲೀಡ್ ಸ್ಕ್ರೂ ಇದ್ದರೆ ಅದನ್ನು ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬಂದ ಮೇಲೆ ಬಿಗಿಯಬೇಕು. ಮುಚ್ಚಳ ತೆಗೆದಿಟ್ಟು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಎಂಜಿನ್ ಐಡಲ್‌ನಲ್ಲಿ ಓಡಬೇಕು. ಥರ್ಮೋಸ್ಟಾಟ್ ತೆರೆದುಕೊಂಡಾಗ ಗುಳ್ಳೆಗಳು ಏಳುತ್ತವೆ, ಮಟ್ಟ ಇಳಿಯುತ್ತದೆ, ಮತ್ತೆ ತುಂಬಬೇಕು. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ, ಫ್ಯಾನ್ ತಿರುಗಿ ನಿಲ್ಲುವವರೆಗೆ ಕಾಯಬೇಕು. ಎಂಜಿನ್ ಪೂರ್ತಿ ತಣಿದ ಮೇಲೆ, ಆದರೆ ಮರುದಿನ ಬೆಳಿಗ್ಗೆ, ಮಟ್ಟವನ್ನು ಇನ್ನೊಮ್ಮೆ ನೋಡಬೇಕು. ಬಿಸಿ ಎಂಜಿನ್ನಿನ ಮುಚ್ಚಳ ಮಾತ್ರ ಯಾವ ಕಾರಣಕ್ಕೂ ತೆಗೆಯಬಾರದು. ಒತ್ತಡದಲ್ಲಿರುವ ಕೂಲೆಂಟ್ ಮುಖಕ್ಕೇ ಚಿಮ್ಮುತ್ತದೆ.

ಹೀಟರಿನ ಮಾತಿನಲ್ಲಿ ಒಂದು ತಮಾಷೆಯಿದೆ. ಮುಂಬೈ, ಚೆನ್ನೈಗಳಲ್ಲಿ ಆ ಗುಂಡಿಯನ್ನು ವರ್ಷಗಟ್ಟಲೆ ಯಾರೂ ಮುಟ್ಟುವುದಿಲ್ಲ. ಏರ್ ತೆಗೆಯುವ ದಿನವೂ ಅದು ಎಸಿಯ ಕಡೆಗೇ ತಿರುಗಿರುತ್ತದೆ. ಕೆಲವು ಕಾರುಗಳಲ್ಲಿ ಹೀಟರ್ ಬಂದ್ ಇದ್ದರೆ ಅದರ ಕೊಳವೆಯಲ್ಲಿ ಕೂಲೆಂಟ್ ಹರಿಯುವುದೇ ಇಲ್ಲ, ಅಲ್ಲಿನ ಗಾಳಿ ಅಲ್ಲೇ ಉಳಿಯುತ್ತದೆ. ದೆಹಲಿಯವರಿಗಾದರೆ ಡಿಸೆಂಬರಿನಲ್ಲಿ ಸುಳಿವು ಸಿಗುತ್ತದೆ: ಎಂಜಿನ್ ಕಾದಿದ್ದರೂ ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಒಳಗೆ ಏರ್ ಇರಬಹುದು, ಇಲ್ಲವೇ ಕೂಲೆಂಟ್ ಕಡಿಮೆಯಾಗಿರಬಹುದು. ಕಡಲೂರಿನವರಿಗೆ ಆ ಸುಳಿವೂ ಇಲ್ಲ.

ಕಾರು ಓಡುತ್ತಾ ಓಡುತ್ತಾ ಏರ್ ತಾನಾಗಿಯೇ ಹೋಗುತ್ತದೆ ಎನ್ನುವವರಿದ್ದಾರೆ. ಅದು ಪೂರ್ತಿ ಸುಳ್ಳಲ್ಲ. ಎಲ್ಲಕ್ಕಿಂತ ಎತ್ತರದಲ್ಲಿ ಒತ್ತಡದ ಟ್ಯಾಂಕ್ ಇಟ್ಟಿರುವ ಕಾರುಗಳಲ್ಲಿ ಬಹುಪಾಲು ಗಾಳಿ ಅಲ್ಲಿಗೆ ಬಂದು ಸೇರುತ್ತದೆ. ಆದರೆ ಎಲ್ಲ ಕಾರುಗಳ ರಚನೆ ಹಾಗಿಲ್ಲ. ಯಾವ ಕಾರಿಗೆ ಯಾವ ಕ್ರಮ ಎಂದು ಸರ್ವಿಸ್ ಮ್ಯಾನುಯಲ್ ಹೇಳುತ್ತದೆ, ಅಭ್ಯಾಸಬಲ ಹೇಳುವುದಿಲ್ಲ. ಗಾಳಿ ತಾನಾಗಿ ಹೋಗುವ ಕಾರಿನಲ್ಲೂ ಇಳಿದ ಮಟ್ಟವನ್ನು ತುಂಬಲು ಒಂದು ಕೈ ಬೇಕೇ ಬೇಕು.

ಹಾಗೆಂದು ಮೆಕ್ಯಾನಿಕ್ಕನ್ನು ಮಾತ್ರ ದೂರುವುದು ನ್ಯಾಯವಲ್ಲ. ಬಿಡಿಭಾಗದ ಬೆಲೆಗೆ ತಕರಾರಿಲ್ಲದೆ ದುಡ್ಡು ಕೊಡುವ ಗಿರಾಕಿ ಲೇಬರಿಗೆ ಬಂದಾಗ ಚೌಕಾಸಿಗೆ ನಿಲ್ಲುತ್ತಾನೆ. 'ಇನ್ನೂ ಎಷ್ಟು ಹೊತ್ತು?' ಎಂದು ಮೂರು ಸಲ ಫೋನ್ ಮಾಡುತ್ತಾನೆ. ವಸ್ತುವಿಗೆ ಬೆಲೆಯಿದೆ, ಕಾಯುವುದಕ್ಕೆ ಇಲ್ಲ ಎಂದು ಕಲಿಸಿದವನೇ ಅವನು. ಸುಮ್ಮನೆ ನಿಂತು ಗುಳ್ಳೆ ನೋಡುವವನು ಕೆಲಸಗಳ್ಳನಂತೆ ಕಾಣುತ್ತಾನೆ. ನಿಜವಾಗಿ ಆ ಹೊತ್ತಿನಲ್ಲಿ ಅವನು ಎಂಜಿನ್ ಉಳಿಸುತ್ತಿರುತ್ತಾನೆ.

ಇದಕ್ಕೆ ಪರಿಹಾರ ಸರಳ. ಏರ್ ತೆಗೆದ ಕೆಲಸ ಬಿಲ್ಲಿನಲ್ಲಿ ತನ್ನದೇ ಸಾಲಾಗಿ ಬರಲಿ. ಅದಕ್ಕೆ ಗಿರಾಕಿ ಮನಸಾರೆ ದುಡ್ಡು ಕೊಡಲಿ. ಫ್ಯಾನ್ ತಿರುಗುವವರೆಗೆ ಓಡಿಸಿದಿರಾ, ಹೀಟರ್ ಆನ್ ಇತ್ತಾ ಎಂಬ ಎರಡು ಪ್ರಶ್ನೆ ಕೇಳಲಿ. ಮೇ ರಜೆಗೆ ಮುಂಬೈಯಿಂದ ಹುಬ್ಬಳ್ಳಿಗೆ ಹೊರಟ ಕಾರಿನಲ್ಲಿ ವಯಸ್ಸಾದ ತಂದೆತಾಯಿ, ಮಕ್ಕಳು, ಡಿಕ್ಕಿ ತುಂಬ ಸಾಮಾನು ಇರುತ್ತದೆ. ಬೋರ್ ಘಾಟಿನ ಏರಿನಲ್ಲಿ ಬಾನೆಟ್ಟಿನಿಂದ ಹಬೆ ಎದ್ದರೆ ಆ ಬಿಸಿಲಿನಲ್ಲಿ ರಸ್ತೆ ಬದಿ ಕಾಯುವವರು ಇವರೇ. ಹೊರಡುವ ಹಿಂದಿನ ದಿನ ಗ್ಯಾರೇಜಿನ ನೆರಳಿನಲ್ಲಿ ಅರ್ಧ ಗಂಟೆ ಕಾಯುವುದು ಅದಕ್ಕಿಂತ ಸುಲಭ.